ಹೊಸಬರಿಗೆ ಒಂದು ಮಷಿನ್

ಫೆಬ್ರವರಿ 4, ಮಂಗಳವಾರ

ವ್ಯಾನ್ ಓಡಿಸುವುದು ಬಿಟ್ಟು ವರ್ಷವಾಗುತ್ತ ಬಂತು, ಎಚ್ಚರ ಮಾತ್ರ ಇನ್ನೂ ಸ್ಕೂಲ್ ಟೈಮಿಗೇ. ಎದ್ದೆ. ಹಾಲು ಕಾಯಿಸಿದೆ. ಮುಂದಿನ ಕೋಣೆ ಗುಡಿಸಿದೆ. ಇವಳು ಸ್ಕೂಲ್ ಯೂನಿಫಾರ್ಮ್ ಹೊಲಿಯುವ ಕೋಣೆ. ನೆಲದ ತುಂಬ ದಾರದ ತುಂಡು, ಬಟ್ಟೆ ಚೂರು, ಇವತ್ತು ಪಿನ್ನುಗಳೂ ಸಿಕ್ಕವು. ಮೊದಲೆಲ್ಲ ಒಂದು ಪಿನ್ ಬಿದ್ದರೂ ಅದು ಸಿಗುವ ತನಕ ಮನೆಯವರನ್ನೆಲ್ಲ ನಿಂತಲ್ಲೇ ನಿಲ್ಲಿಸುತ್ತಿದ್ದಳು. ಈಗ ಬಿದ್ದದ್ದೇ ಗೊತ್ತಾಗುತ್ತಿಲ್ಲ.

ಡಾಕ್ಟರ ಹತ್ತಿರ ಹೋಗಿ ಬಂದು ತಿಂಗಳಾಯಿತು. ಇವಳ ಕಣ್ಣಿನ ಹಿಂದಿನ ನರ ಒಣಗುತ್ತಿದೆಯಂತೆ. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದು ಆದಷ್ಟು ನಿಧಾನವಾಗಿ ಹೋಗಲಿ ಅಂತ ಡ್ರಾಪ್ಸ್. ಇವಳು ಕೇಳಿದ್ದು ಒಂದೇ ಪ್ರಶ್ನೆ — ಎಲ್ಲಿ ತನಕ ಹೊಲೀಬಹುದು ಅಂತ. ಹೇಳೋಕಾಗಲ್ಲ ಅಂದರು. ಕೆಲವರಿಗೆ ವರ್ಷಗಟ್ಟಲೆ ಇರುತ್ತೆ, ಕೆಲವರಿಗೆ ತಿಂಗಳುಗಳಲ್ಲಿ... ಅಲ್ಲಿಗೇ ನಿಲ್ಲಿಸಿದರು. ಬಸ್ಸಿನಲ್ಲಿ ಬರುವಾಗ ಇಬ್ಬರೂ ತುಟಿ ಬಿಚ್ಚಲಿಲ್ಲ. ಆಮೇಲೂ ಇಲ್ಲ. ಹೊತ್ತಿಗೆ ಸರಿಯಾಗಿ ಡ್ರಾಪ್ಸ್ ಹಾಕುತ್ತೇನೆ, ಅಷ್ಟೇ.

ಇವತ್ತು ಚಹಾ ಕುಡಿಯುವಾಗ ಇದ್ದಕ್ಕಿದ್ದ ಹಾಗೆ ಹೇಳಿದಳು.

“ಒಂದು ಮಷಿನ್ ತಗೋಬೇಕು. ಹೊಸದಾಗಿ ಕಲಿಯೋರಿಗೆ ಆಗೋ ಅಂಥದ್ದು.”

ಇರುವ ಮಷಿನ್ ಸಾಲದೇ ಅಂದೆ. ಅದು ಪವರ್ ಮಷಿನ್, ಕಾಲು ಸೋಕಿಸಿದರೆ ಸಾಕು ಓಡುತ್ತೆ, ಹೊಸಬರ ಬೆರಳು ಉಳಿಯಲ್ಲ ಅಂದಳು. ಯಾರು ಕಲಿಯುವುದು ಅಂತ ನಾನು ಕೇಳಲಿಲ್ಲ. ಕೇಳುವುದೇನು ಬಂತು? ಮಗಳು ಬೇರೆ ಊರಿನಲ್ಲಿ, ಅವಳಿಗೆ ಗುಂಡಿ ಹಾಕಲೂ ಬರುವುದಿಲ್ಲ. ಮನೆಯಲ್ಲಿ ಕೆಲಸವಿಲ್ಲದೆ ಕೂತವನು ಯಾರು? ನಾನೇ.

ತನ್ನ ಕೆಲಸ ನನ್ನ ಕೈಗೆ ಒಪ್ಪಿಸಬೇಕೆಂದಿದ್ದಾಳೆ. ಗಾಬರಿಯಾಯಿತು. ಜೊತೆಗೆ ಸುಳ್ಳು ಯಾಕೆ, ಸ್ವಲ್ಪ ಹೆಮ್ಮೆಯೂ ಆಯಿತು.

ಫೆಬ್ರವರಿ 6

ಇವಳು ಸ್ನಾನಕ್ಕೆ ಹೋದಾಗ ನನ್ನ ಹಳೇ ಅಂಗಿಗೆ ಗುಂಡಿ ಹಾಕಿ ನೋಡಿದೆ. ಕಲಿಯುವವನಿಗೆ ಮೊದಲೇ ಒಂದಿಷ್ಟು ಕೈ ಪಳಗಿರಲಿ ಅಂತ. ಗುಂಡಿಯೇನೋ ಭದ್ರವಾಗಿ ಕೂತಿತು. ಅಂಗಿಯ ಜೊತೆಗೆ ಉಟ್ಟ ಲುಂಗಿಗೂ ಸೇರಿಸಿ ಹೊಲಿದಿದ್ದೆ. ಏಳಲು ಹೋದಾಗ ಗೊತ್ತಾಯಿತು.

ಇವಳು ಬಂದು ನೋಡಿದಳು. ಹತ್ತಿರ ಬಂದು, ತಲೆ ಆ ಕಡೆ ಈ ಕಡೆ ಹೊರಳಿಸಿ... ಈಗೀಗ ಹಾಗೇ ನೋಡುವುದು. ನಕ್ಕಳು. ತಿಂಗಳಾದ ಮೇಲೆ ನಕ್ಕಿದ್ದು. ಇನ್ನೊಂದು ಗುಂಡಿ ಹಾಕಿ ತೋರಿಸಲೇ ಅನ್ನಿಸಿತು.

ಫೆಬ್ರವರಿ 11, ಮಂಗಳವಾರ

ಮಷಿನ್ ಅಂಗಡಿಗೆ ಹೋಗಿದ್ದೆವು. ದೊಡ್ಡ ಅಂಗಡಿ, ಗಾಜಿನ ಬಾಗಿಲು, ಒಳಗೆ ಸಾಲಾಗಿ ಮಷಿನ್‌ಗಳು. ಅಂಗಡಿಯವನು ಮಾತುಗಾರ. ಯಾರಿಗೆ ಅಂತ ಕೇಳಿದ. ಇವಳು ಬಾಯಿ ತೆರೆಯುವ ಮೊದಲೇ ನನಗೆ ಅಂದೆ. ಇವಳು ನನ್ನ ಕಡೆ ತಿರುಗಿದಳು, ಏನೋ ಹೇಳುವವಳು ಸುಮ್ಮನಾದಳು.

ಅಂಗಡಿಯವನಿಗೆ ಉತ್ಸಾಹ ಬಂತು. ಬೆಳ್ಳಗಿನ ಒಂದನ್ನು ಮುಂದಿಟ್ಟ. ಮುಟ್ಟಿದರೆ ಹೊಳೆಯುವ ಪರದೆ. ಯಾವ ಹೊಲಿಗೆ ಬೇಕೋ ಅದರ ಚಿತ್ರ ಒತ್ತಿದರಾಯಿತು. ಅಡಿ ದಾರದ ಬಾಬಿನ್ ಮೇಲಿನಿಂದಲೇ ಹಾಕುವುದು, ಮೇಲೊಂದು ಪಾರದರ್ಶಕ ಮುಚ್ಚಳ. ದಾರ ಎಷ್ಟು ಉಳಿದಿದೆ ಅಂತ ಕಣ್ಣಿಗೇ ಕಾಣುತ್ತೆ, ಹೊಸಬರಿಗೆ ಇದಕ್ಕಿಂತ ಅನುಕೂಲ ಇಲ್ಲ ಅಂದ. ನನಗೂ ಹಿಡಿಸಿತು. ವ್ಯಾನಿನ ಡ್ಯಾಶ್‌ಬೋರ್ಡಿನ ಹಾಗಿತ್ತು.

ಇವಳು ಆ ಪರದೆಯ ಮೇಲೆ ಕೈಯಾಡಿಸಿದಳು. ಬೇಡ ಅಂದಳು. ಇನ್ನೊಂದು ತೋರಿಸಿದ. ಅದರ ನಾಬ್ ಹಿಡಿದು ತಿರುಗಿಸಿ, ಗುರುತು ಉಬ್ಬಿರೋದು ಬೇಕು, ಬರೀ ಬಣ್ಣದಲ್ಲಿ ಬರೆದದ್ದು ಬೇಡ ಅಂದಳು. ಮತ್ತೊಂದು. ದಾರದ ಉಂಡೆ ಇಡುವ ಕಡ್ಡಿಯಿಂದ ಸೂಜಿಯ ತನಕ ಬೆರಳು ಎಳೆದುಕೊಂಡು ಹೋದಳು, ದಾರ ಹೋಗುವ ದಾರಿಯಲ್ಲೇ. ಕಣ್ಣು ಮುಚ್ಚಿಕೊಂಡಿದ್ದಳು. ಅಂಗಡಿಯವನು ಪಕ್ಕದ ಮಷಿನ್ ಓಡಿಸಿ ತೋರಿಸುತ್ತಿದ್ದ, ಅದರ ಸದ್ದು ಕೇಳುತ್ತಿದ್ದಾಳೆ ಅಂದುಕೊಂಡೆ. ನಾನೂ ಎಂಜಿನ್ ಸದ್ದು ಕಣ್ಣು ಮುಚ್ಚಿಯೇ ಕೇಳುತ್ತಿದ್ದೆ.

ಕೊನೆಗೆ ಕೇಳಿದಳು, “ಕೈ ಮಷಿನ್ ಇದೆಯಾ?”

ಅಂಗಡಿಯವನು ನಕ್ಕ. ಹಿಡಿ ಹಿಡಿದು ಚಕ್ರ ತಿರುಗಿಸುವ ಆ ಹಳೇ ಕಾಲದ ಮಷಿನ್! ಮೋಟರಿಲ್ಲ, ಪೆಡಲ್ಲಿಲ್ಲ. ನಮ್ಮಜ್ಜಿಯ ಕಾಲದ್ದು. ಸಾರ್‌ಗೆ ಅಷ್ಟೊಂದು ಭಯ ಇದ್ದರೆ ಸ್ಪೀಡ್ ಕಮ್ಮಿ ಮಾಡಿ ಕೊಡ್ತೀನಿ ಅಂದ. ಪಕ್ಕದಲ್ಲಿ ಕತ್ತರಿ ಕೊಳ್ಳಲು ಬಂದ ಹೆಂಗಸೂ ಬಾಯಿಗೆ ಸೆರಗು ಅಡ್ಡ ಹಿಡಿದಳು.

ನನ್ನ ಪಿತ್ತ ನೆತ್ತಿಗೇರಿತು. ಇಡೀ ಊರಿನ ಮಕ್ಕಳನ್ನು ಕೂರಿಸಿಕೊಂಡು ವ್ಯಾನ್ ಓಡಿಸಿದವನು ನಾನು. ನನಗೆ ಕೈ ಮಷಿನ್ ಅಂತೆ! ನಡಿ ಹೋಗೋಣ ಅಂತ ಹೊರಟುಬಂದೆ. ಇವಳು ಹೊಸ್ತಿಲು ಎಡವಿದಳು. ಕೈ ಹಿಡಿದುಕೊಂಡೆ.

ಫೆಬ್ರವರಿ 12

ಮುಖ ಊದಿಸಿಕೊಂಡೇ ಇದ್ದೇನೆ. ಇವಳೂ ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ. ಡ್ರಾಪ್ಸ್ ಹಾಕುವಾಗ ಮಾತ್ರ ‘ಮೇಲೆ ನೋಡು’ ಅಂದೆ.

ಕಣ್ಣು ಹೋಗುತ್ತಿರುವುದು ಅವಳದ್ದು, ಸಿಟ್ಟು ನನಗೆ. ಗೊತ್ತು. ಗೊತ್ತಿದ್ದೂ ಇಳಿಯುತ್ತಿಲ್ಲ.

ಫೆಬ್ರವರಿ 15, ಶನಿವಾರ

ತಂದೇಬಿಟ್ಟೆ. ಆ ಬೆಳ್ಳಗಿನದ್ದೇ. ಇವಳಿಗೆ ಹೇಳದೆ ಒಬ್ಬನೇ ಹೋದೆ. ಒಳ್ಳೇ ಆಯ್ಕೆ ಸಾರ್ ಅಂದ ಅಂಗಡಿಯವನು. ಅನ್ನದೆ ಏನು ಮಾಡುತ್ತಾನೆ?

ಮನೆಗೆ ತಂದು ಮೇಜಿನ ಮೇಲೆ ಇಟ್ಟು, ಪ್ಲಗ್ ಹಾಕಿ, ಇವಳನ್ನು ಕರೆದೆ. ಬಂದಳು. ಎರಡೂ ಕೈ ಅದರ ಮೇಲಿಟ್ಟಳು. ಹಿಂದೆ, ಮುಂದೆ, ಬದಿಗೆ, ಆ ಪರದೆಯ ಮೇಲೆ. ಬೈಯುತ್ತಾಳೆ ಅಂತ ಕಾದೆ. ಬೈಯಲಿಲ್ಲ.

“ಎಲ್ಲಾ ನುಣ್ಣಗಿದೆ,” ಅಂದಳು. ಅಷ್ಟೇ.

ಚೆನ್ನಾಗಿದೆ ಅನ್ನುವುದಕ್ಕೆ ಇವಳು ಹಾಗೆ ಅನ್ನುವುದಿಲ್ಲ. ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದ ಹಾಗಿತ್ತು.

ಫೆಬ್ರವರಿ 17

ಪಾಠ ಶುರು. ಇವಳು ಕುರ್ಚಿ ಪಕ್ಕದಲ್ಲಿ ಹಾಕಿಕೊಂಡು ಕೂತು ಹೇಳಿಕೊಟ್ಟಳು. ಹಠಕ್ಕೆ ಬಿದ್ದು ತಂದವನಿಗೂ ಹೇಳಿಕೊಟ್ಟಳು. ತಾಳ್ಮೆ ಅಂದರೆ ತಾಳ್ಮೆ.

ಬಟ್ಟೆ ಎಳೀಬೇಡಿ, ಅದೇ ಹೋಗುತ್ತೆ, ನೀವು ದಾರಿ ತೋರಿಸಿದ್ರೆ ಸಾಕು ಅಂದಳು. ನಾನು ಸ್ಟೇರಿಂಗ್ ಹಿಡಿದವನ ಹಾಗೆ ಬಿಗಿಯಾಗಿ ಹಿಡಿದಿದ್ದೆ. ಭುಜ ಸಡಿಲ ಬಿಡಿ ಅಂದಳು. ಸೂಜಿ ನೋಡಬೇಡಿ, ಬಟ್ಟೆ ಅಂಚು ನೋಡಿ ಅಂದಳು. ನಾನು ಸೂಜಿಯನ್ನೇ ನೋಡಿದೆ. ಅಂಚು ಓಡಿಹೋಯಿತು. ಕಲಿಯಲು ಕೊಟ್ಟ ಚಡ್ಡಿಯ ಒಂದು ಕಾಲಿನ ಬಾಯಿಯೇ ಹೊಲಿದು ಮುಚ್ಚಿಹೋಯಿತು.

ಆದರೂ ಸಾಯಂಕಾಲದ ಹೊತ್ತಿಗೆ ಒಂದು ಕರ್ಚೀಫಿನ ಅಂಚು ಮಡಚಿ ಹೊಲಿದೆ. ಇವಳಿಗೆ ಕೊಟ್ಟೆ. ಬೆರಳಿನಲ್ಲಿ ಸುತ್ತಲೂ ಸವರಿ, ಪರವಾಗಿಲ್ಲ ಅಂದಳು. ನೋಡಲಿಲ್ಲ. ಕಿಟಕಿಯ ಬೆಳಕು ಪಕ್ಕದಲ್ಲೇ ಇತ್ತು, ಆದರೂ ನೋಡಲಿಲ್ಲ.

ಫೆಬ್ರವರಿ 20, ಗುರುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಕರೆಂಟ್ ಬಿಲ್ ಕಟ್ಟಲು ಹೋದೆ. ಆಫೀಸು ಮುಚ್ಚಿತ್ತು, ಹೋದಷ್ಟೇ ಬೇಗ ವಾಪಸ್ ಬಂದೆ. ಮುಂದಿನ ಕೋಣೆಯ ಬಾಗಿಲು ಹಾಕಿತ್ತು. ದೂಡಿದೆ.

ತನ್ನ ದೊಡ್ಡ ಮಷಿನ್ ಮುಂದೆ ಕೂತಿದ್ದಳು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ಯೂನಿಫಾರ್ಮಿನ ನೀಲಿ ಬಟ್ಟೆಯ ಪಟ್ಟಿ, ಹಿಂದೆ ಬಿಗಿಯಾಗಿ ಗಂಟು. ಮೋಟರ್ ಆಫ್. ಬಲಗೈಯಲ್ಲಿ ಮಷಿನ್ನಿನ ಚಕ್ರವನ್ನು ಒಂದೊಂದೇ ಹೊಲಿಗೆಯಷ್ಟು ಹೊರಳಿಸುತ್ತಿದ್ದಳು. ಎಡಗೈ ಬೆರಳು ಸೂಜಿಯ ಪಕ್ಕದಲ್ಲೇ. ಬಿಳೀ ಬಟ್ಟೆ. ಅದರ ಮೇಲೆ ಅಲ್ಲಲ್ಲಿ ರಕ್ತದ ಚುಕ್ಕೆ.

ಕಿರುಚಿದೆನಂತೆ. ನನಗೆ ನೆನಪಿಲ್ಲ. ಇವಳು ಚಕ್ರ ನಿಲ್ಲಿಸಿ, ಸೂಜಿ ಮೇಲೆತ್ತಿ, ಬೆರಳು ಹೊರಗೆ ತಂದು, ಆಮೇಲೆ ಪಟ್ಟಿ ಬಿಚ್ಚಿದಳು. ಕೆಲಸ ಕೆಲಸದ ಹಾಗೇ.

ಏನೇ ಇದು ಅಂದೆ.

“ಕಲೀತಿದೀನಿ,” ಅಂದಳು.

ಆಗಲೂ ನನ್ನ ಮಂದ ತಲೆಗೆ ಹತ್ತಲಿಲ್ಲ. ನೀನು ಕಲಿಯೋದೇನಿದೆ, ಕಲಿಯುತ್ತಿರುವುದು ನಾನಲ್ಲವೇ ಅಂದೆ. ಪಕ್ಕದ ಕುರ್ಚಿ ತೋರಿಸಿದಳು. ಕೂತೆ.

“ನಿಮಗೆ ಅಂತ ನಾನು ಹೇಳಿರಲಿಲ್ಲ. ನೀವೇ ಅಂದ್ಕೊಂಡ್ರಿ. ಅಷ್ಟು ಉತ್ಸಾಹದಲ್ಲಿದ್ರಿ, ಅಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಅಲ್ಲ ಅಂದ್ರೆ ಮಿಕ್ಕಿದ್ದೂ ಹೇಳಬೇಕಾಗ್ತಿತ್ತು.”

ಮಿಕ್ಕಿದ್ದೇನು ಅಂತ ಕೇಳಲಿಲ್ಲ. ಆದರೂ ಹೇಳಿದಳು. ಬೆರಳನ್ನು ಬಟ್ಟೆಯಲ್ಲಿ ಒತ್ತಿ ಹಿಡಿದುಕೊಂಡೇ.

“ಕಣ್ಣಿರೋವಾಗ್ಲೇ ಕಣ್ಣಿಲ್ಲದೆ ಕಲ್ತ್ಕೋಬೇಕು ರೀ. ಈಗಾದ್ರೆ ತಪ್ಪಿದ್ರೆ ಪಟ್ಟಿ ತೆಗೆದು ನೋಡಬಹುದು. ಪೂರ್ತಿ ಹೋದ ಮೇಲೆ ಕೂತರೆ, ತಪ್ಪಿದೆ ಅಂತಾನೂ ಗೊತ್ತಾಗಲ್ಲ. ಸುಮ್ನೆ ಗೋಡೆ ಕಡೆ ಮುಖ ಮಾಡಿ ಕೂರೋಕೆ ನನ್ನ ಕೈಲಾಗಲ್ಲ.”

ಪವರ್ ಮಷಿನ್ ಎಷ್ಟು ಓಡಿತು ಅಂತ ಕಣ್ಣೇ ನೋಡುತ್ತಿರಬೇಕಂತೆ. ಅದರ ಚಕ್ರ ಕೈಯಲ್ಲಿ ಹೊರಳಿಸಿದರೆ ಬೆಲ್ಟು ಭಾರ, ತೋಳು ಸೋತುಹೋಗುತ್ತಂತೆ. ಕೈ ಮಷಿನ್ ಆದರೆ ತಿರುಗಿಸಿದಷ್ಟೇ ಹೋಗುತ್ತೆ, ಬಿಟ್ಟರೆ ನಿಲ್ಲುತ್ತೆ. ಎಲ್ಲಿದ್ದೀನಿ ಅಂತ ಕೈಗೇ ಗೊತ್ತಿರುತ್ತೆ ಅಂದಳು. ಉಬ್ಬಿದ ಗುರುತು, ದಾರದ ದಾರಿ, ಮುಚ್ಚಿದ ಕಣ್ಣು... ಎಲ್ಲ ನನ್ನ ಎದುರಿಗೇ ನಡೆದಿತ್ತು. ನಾನು ನನ್ನ ಮಾನದ ಲೆಕ್ಕ ಹಾಕಿಕೊಂಡು ನಿಂತಿದ್ದೆ.

ಅತ್ತುಬಿಟ್ಟೆ. ಇವಳ ಎದುರಿಗೇ. ನೀವು ಅಳ್ತೀರಿ ಅಂತಲೇ ಹೇಳಲಿಲ್ಲ ಅಂದಳು, ಸ್ವಲ್ಪ ಬೇಜಾರಿನಿಂದಲೇ.

ಫೆಬ್ರವರಿ 21

ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. ಮಷಿನ್ ಡಬ್ಬದ ಸಮೇತ. ಬಳಸಿದ್ದು ವಾಪಸ್ ತಗೊಳ್ಳಲ್ಲ ಸಾರ್ ಅಂದ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಆದರೆ ಬಾಯಿಂದ ಜಗಳ ಬರಲಿಲ್ಲ, ಇದ್ದ ವಿಷಯ ಬಂತು. ಡಾಕ್ಟರ ಮಾತು, ನೀಲಿ ಪಟ್ಟಿ, ಎಲ್ಲ. ಒಬ್ಬ ಅಪರಿಚಿತನ ಮುಂದೆ.

ಅವನು ಆ ದಿನ ನಕ್ಕಿದ್ದು ಅವನಿಗೂ ನೆನಪಾಯಿತೇನೋ. ಒಳಗೆ ಹೋದ. ಹಿಂದಿನ ಗೋಡೌನಿನಿಂದ ಧೂಳು ಹಿಡಿದ ಡಬ್ಬವೊಂದನ್ನು ತಾನೇ ಹೊತ್ತು ತಂದ. ಕಪ್ಪು ಕೈ ಮಷಿನ್, ಮರದ ಪೀಠ. ಕೇಳುವವರಿಲ್ಲದೆ ಕೂತಿತ್ತಂತೆ. ಬೆಳ್ಳಗಿನದರ ಬದಲಿಗೆ ಇದನ್ನು ಕೊಡ್ತೀನಿ ಅಂದ. ಎಣ್ಣೆ ಬಿಟ್ಟು, ಚಕ್ರ ಹಗುರಾಗಿ ತಿರುಗುವಂತೆ ಮಾಡಿ, ನನ್ನ ಕಣ್ಣು ಮುಚ್ಚಿಸಿ ಬಾಬಿನ್ ಹಾಕಿಸಿ ನೋಡಿದ. ಬಾಬಿನ್ನಿನ ಕೇಸ್ ಸರಿಯಾಗಿ ಕೂತದ್ದು ಬೆರಳಿಗೇ ತಿಳಿಯಿತು. ಬದಿಯಲ್ಲಿ ಸೀಳಿರುವ ಸೂಜಿಗಳನ್ನೂ ಕೊಟ್ಟ. ದಾರವನ್ನು ಸೂಜಿಯ ಕಣ್ಣಿಗೆ ತೂರಿಸಬೇಕಾಗಿಲ್ಲ, ಪಕ್ಕದಿಂದ ಎಳೆದರೆ ಒಳಗೆ ಹೋಗುತ್ತದೆ.

ಮನೆಗೆ ತಂದಾಗ ಇವಳು ಮಷಿನ್ ಮೇಲೆ ಕೈಯಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

ಮಾರ್ಚ್ 9, ಭಾನುವಾರ

ದಿನವೂ ಊಟದ ಮೇಲೆ ಪಟ್ಟಿ ಕಟ್ಟಿಕೊಂಡು ಕೂರುತ್ತಾಳೆ. ಗಂಟು ಹಾಕುವುದು ನನ್ನ ಕೆಲಸ. ಮೊದಲ ದಿನ ಸಡಿಲ ಹಾಕಿದ್ದೆ. ಕೆಳಗಡೆ ಕಾಣಿಸ್ತಿದೆ, ಮೋಸ ಮಾಡಬೇಡಿ ಅಂತ ಬಿಚ್ಚಿಸಿ ಮತ್ತೆ ಕಟ್ಟಿಸಿಕೊಂಡಳು.

ಹಳೇ ಕಾಗದದ ಕಾರ್ಡುಗಳನ್ನು ಒಂದರ ಮೇಲೊಂದು ಅಂಟಿಸಿ, ಸೂಜಿಯ ಬಲಕ್ಕೆ ಮಷಿನ್ ಮೇಲೆ ಒಂದು ಸಣ್ಣ ಗೋಡೆ ಮಾಡಿಕೊಂಡಿದ್ದಾಳೆ. ಬಟ್ಟೆಯ ಅಂಚು ಆ ಗೋಡೆಗೆ ತಾಗಿಕೊಂಡೇ ಹೋಗಬೇಕು. ಒಂದು ಕೈ ಚಕ್ರಕ್ಕೆ, ಒಂದು ಕೈ ಅಂಚಿಗೆ. ಅಂಚು ಗೋಡೆ ಬಿಟ್ಟರೆ ನಿಲ್ಲುತ್ತಾಳೆ, ಹಿಂದೆ ಬರುತ್ತಾಳೆ.

ಮೊದಮೊದಲು ಹೊಲಿಗೆಯೆಲ್ಲ ಕುಡಿದವನು ನಡೆದ ಹಾಗಿತ್ತು. ಹೇಗಿದೆ ಅಂತ ಕೇಳಿದಳು. ಚೆನ್ನಾಗಿದೆ ಅನ್ನಲು ನಾಲಿಗೆ ತುದಿಗೆ ಬಂದಿತ್ತು. ಸೊಟ್ಟಗಿದೆ ಅಂದೆ. ಎಲ್ಲಿಂದ ಅಂದಳು. ಅವಳ ಬೆರಳು ಹಿಡಿದು, ತಪ್ಪಿದ ಜಾಗದ ಮೇಲೆ ಇಟ್ಟೆ. ಆ ಜಾಗವನ್ನು ಎಷ್ಟೋ ಸಲ ಸವರಿದಳು. ಮತ್ತೆ ಬಿಚ್ಚಿ ಅಂತ ನನ್ನ ಕಡೆ ಎಸೆದಳು. ನಾನೀಗ ಬಿಚ್ಚುವುದರಲ್ಲಿ ಪಳಗಿದ್ದೇನೆ.

ಮಾರ್ಚ್ 23

ಮಗಳ ಫೋನ್. ಅಮ್ಮನನ್ನ ಇಲ್ಲಿಗೆ ಕರ್ಕೊಂಡು ಬನ್ನಿ, ಹಾಯಾಗಿ ಇರಲಿ, ಇನ್ನೂ ಯಾಕೆ ಆ ಮಷಿನ್ ಮುಂದೆ ಕೂರಿಸ್ತೀರಿ ಅಂತ ನನಗೇ ಬೈದಳು. ಫೋನ್ ಇವಳ ಕೈಗೆ ಕೊಟ್ಟೆ.

ಹಾಯಾಗೇ ಇದೀನಿ, ನಿಮ್ಮಪ್ಪ ಹೊಲಿಗೆ ಬಿಚ್ಚೋದು ಕಲ್ತಿದಾರೆ ಅಂದಳು. ಮಗಳು ಅತ್ತಳು. ಇವಳು ಸಮಾಧಾನ ಮಾಡಿದಳು. ಸಮಾಧಾನ ಯಾರಿಗೆ ಬೇಕಾಗಿತ್ತೋ ಅವರೇ ಎಲ್ಲರಿಗೂ ಮಾಡುತ್ತಿದ್ದಾರೆ ಈ ಮನೆಯಲ್ಲಿ.

ಏಪ್ರಿಲ್ 20

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ ಅಂತಲ್ಲ.

ಪವರ್ ಮಷಿನ್ ಕೊಟ್ಟುಬಿಟ್ಟೆವು. ಪಕ್ಕದ ಬೀದಿಯಲ್ಲಿ ಇವಳ ಹತ್ತಿರವೇ ಕಲಿತ ಹೆಂಗಸಿಗೆ. ಯೂನಿಫಾರ್ಮ್ ಕೆಲಸವೂ ಅವಳಿಗೇ ಹೋಯಿತು. ಟೆಂಪೋಗೆ ಏರಿಸುವಾಗ ಇವಳು ಹೊರಗೆ ಬರಲಿಲ್ಲ. ಒಳಗಿನಿಂದಲೇ ಮೋಟರಿನ ಕಡೆ ತೂಕ ಜಾಸ್ತಿ, ಆ ಕಡೆ ಇಬ್ಬರು ಹಿಡೀರಿ ಅಂತ ಹೇಳಿದಳು.

ಈಗ ಮಾಡುವುದು ದಿಂಬಿನ ಕವರ್ ಮಾತ್ರ. ಹಾಸಿಗೆ ಅಂಗಡಿಯವರು ಕತ್ತರಿಸಿ ಕೊಡುತ್ತಾರೆ, ನೇರ ಹೊಲಿಗೆ. ಮೊದಲ ಕಂತು ಕಳಿಸುವ ದಿನ ಹೆದರಿದ್ದಳು. ಬಾಗಿಲ ಹತ್ತಿರ ನಿಂತು ಅವರು ಏನನ್ನುತ್ತಾರೋ ಅಂತ ಕಿವಿಗೊಟ್ಟಿದ್ದಳು. ಅವರೇನೂ ಅನ್ನಲಿಲ್ಲ, ಮುಂದಿನ ಬಟ್ಟೆ ಇಳಿಸಿ ಹೋದರು. ಇವಳಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಾಗಿರಲಿಲ್ಲ.

ಪಟ್ಟಿ ಕಟ್ಟುವುದು ನಿಂತಿದೆ. ಬೇಕಾಗಿಲ್ಲ ಅಂದಳು. ಮುಖ ಗುರುತು ಸಿಗುವುದಿಲ್ಲ, ಬೆಳಕು ಮಾತ್ರ ಗೊತ್ತಾಗುತ್ತದೆಯಂತೆ. ಕಿಟಕಿ ಎಲ್ಲಿದೆ, ಲೈಟ್ ಹಾಕಿದೆಯೋ ಇಲ್ಲವೋ, ಅಷ್ಟು. ಅಷ್ಟಿದ್ದರೆ ಸಾಕು ಅಂದಳು. ನಾನೂ ಸಾಕು ಅಂದೆ. ಇನ್ನೇನು ಅನ್ನಲಿ?

ಮೇ 13, ಮಂಗಳವಾರ, ಸಂಜೆ

ಮಧ್ಯಾಹ್ನದಿಂದ ಮೋಡ. ಇವಳು ಒಳಗೆ ಮಲಗಿದ್ದಾಗ ನಾನು ಮುಂದಿನ ಕೋಣೆಯಲ್ಲಿ ಲೈಟ್ ಹಾಕಿಕೊಂಡು, ನಿನ್ನೆ ತಪ್ಪಿದ ಕವರುಗಳ ಹೊಲಿಗೆ ಬಿಚ್ಚುತ್ತ ಕೂತಿದ್ದೆ. ಎದ್ದು ಬಂದಳು. ಗೋಡೆ ಸವರಿಕೊಂಡು ತನ್ನ ಜಾಗಕ್ಕೆ ಹೋಗಿ ಕೂತಳು. ಅಂಚು ಸೇರಿಸಿಕೊಂಡಳು, ಚಕ್ರ ತಿರುಗಿಸಿದಳು. ಚೆನ್ನಾಗಿಯೇ ಹೋಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ, ಮಾಮೂಲಿ ಮಾತಿನ ಹಾಗೆ ಹೇಳಿದಳು.

“ಕತ್ತಲಾಗಿರ್ಬೇಕು. ಲೈಟ್ ಹಾಕ್ಕೊಳ್ಳಿ ರೀ. ನನಗೋಸ್ಕರ ನಿಮ್ಮ ಕಣ್ಣು ಯಾಕೆ ಹಾಳು ಮಾಡ್ಕೋತೀರಿ.”

ಲೈಟ್ ಅವಳ ತಲೆಯ ಮೇಲೇ ಉರಿಯುತ್ತಿತ್ತು. ಬಿಳೀ ಬಟ್ಟೆ, ಅವಳ ಕೈ, ಬೈತಲೆ, ಎಲ್ಲ ಬೆಳಕಲ್ಲಿತ್ತು.

ಎದ್ದು ಹೋದೆ. ಸ್ವಿಚ್ ಆರಿಸಿದೆ, ಮತ್ತೆ ಹಾಕಿದೆ. ಸದ್ದು ಕೇಳಲಿ, ಹಾಕಿದರು ಅಂದುಕೊಳ್ಳಲಿ ಅಂತ. ಅಷ್ಟೇ ತೋಚಿತು.

ಚಕ್ರ ನಿಂತಿತು.

“ಎರಡು ಸಲ ಕೇಳಿಸ್ತು.”

ನನ್ನ ಬೆರಳು ಇನ್ನೂ ಸ್ವಿಚ್ ಮೇಲೇ ಇತ್ತು.

“ಮೊದಲೇ ಇತ್ತಾ?”

“ಇತ್ತು.”

“ಯಾವಾಗಿಂದ?”

ನೀನು ಮಲಗಿದಾಗಿಂದ ಅಂದೆ.

ಮುಖ ಮೇಲೆತ್ತಿದಳು. ಲೈಟ್ ಇರುವ ಕಡೆ ಅಲ್ಲ, ಸ್ವಲ್ಪ ಆ ಕಡೆಗೆ. ಹಾಗೇ ಇದ್ದಳು. ನಾನು ಹತ್ತಿರ ಹೋಗಿ ಭುಜ ಮುಟ್ಟಿದೆ. ಕೈ ಹಿಡಿದುಕೊಂಡಳು, ಗಟ್ಟಿಯಾಗಿ, ನೋಯುವಷ್ಟು. ಆಮೇಲೆ ಬಿಟ್ಟಳು. ಬಟ್ಟೆಯ ಅಂಚು ಹುಡುಕಿದಳು. ಅದು ಕಾರ್ಡಿನ ಗೋಡೆಯಿಂದ ಸರಿದಿರಲಿಲ್ಲ.

“ಆರಿಸಬೇಡಿ. ನಿಮಗೆ ಬೇಕಲ್ಲ,” ಅಂದಳು.

ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಚಕ್ರ ತಿರುಗುತ್ತಿದೆ. ನಿಧಾನ, ನಿಲ್ಲುತ್ತಿಲ್ಲ. ಸಾಲು ಮುಗಿಯಿತು. ದಾರ ಕತ್ತರಿಸಿದಳು. ಕವರ್ ನನ್ನ ಕಡೆ ಚಾಚಿದ್ದಾಳೆ. ಬರೆದದ್ದು ಸಾಕು, ನೇರ ಇದೆಯಾ ನೋಡಿ ಹೇಳಿ ಅನ್ನುತ್ತಿದ್ದಾಳೆ. ಕಣ್ಣು ತುಂಬಿ ನನಗೇ ಏನೂ ಕಾಣುತ್ತಿಲ್ಲ. ತಡಿಯೇ, ಒಂದು ನಿಮಿಷ ತಡಿ, ಒರೆಸಿಕೊಂಡು